ಅಲೆಹಲಗೆ

ಮರದ ದೋಣಿಕಟ್ಟೆಯ ಕೊನೆಯ ತುಂಡು ಕೆಸರು ಬಿಟ್ಟು ಬರಲು ಒಲ್ಲೆನೆನ್ನುತ್ತಿತ್ತು. ಸೆಲ್ಮರ್ ಎದೆಮಟ್ಟದ ರಬ್ಬರ್ ದಿರಿಸು ತೊಟ್ಟು, ಸೊಂಟದವರೆಗೆ ನೀರಿನಲ್ಲಿ ನಿಂತು, ಅದರ ಕಬ್ಬಿಣದ ಕಾಲನ್ನು ಅಲುಗಿಸುತ್ತಿದ್ದ. ದಡದ ಮೇಲೆ ಹಿಲ್ಮಾ ಹಗ್ಗ ಹಿಡಿದಿದ್ದಳು. ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಜೌಗಿನ ಲಾರ್ಚ್ ಮರಗಳು ಹಳದಿ ಸೂಜಿಯೆಲೆಗಳನ್ನೆಲ್ಲ ಉದುರಿಸಿಕೊಂಡು ಬೋಳಾಗಿದ್ದವು. ಉದುರಿದ್ದು ದಡದ ನೀರಿನ ಮೇಲೆ ತೌಡಿನ ಹಾಗೆ ತೇಲುತ್ತಿತ್ತು. ಇನ್ನು ಕೆಲವೇ ವಾರಕ್ಕೆ ಕೆಟಲ್ ಸರೋವರದ ಅಂಚು ಹೆಪ್ಪುಗಟ್ಟತೊಡಗುತ್ತದೆ. ಅಷ್ಟರೊಳಗೆ ನೀರಿನಲ್ಲಿರುವ ಮರವೆಲ್ಲ ದಡ ಸೇರಬೇಕು. ಬಿಟ್ಟರೆ ಮಂಜುಗಡ್ಡೆ ಒಂದೊಂದನ್ನೂ ಕಡ್ಡಿಯ ಹಾಗೆ ಮುರಿದಿಡುತ್ತದೆ.

"ಎಳಿ ತಾಯಿ, ಎಳಿ! ನೋಡ್ತಾ ನಿಂತ್ರೆ ಕಟ್ಟೆ ತಾನಾಗೇ ನಡ್ಕೊಂಡು ಬರಲ್ಲ."

"ಎಳೀತಾನೇ ಇದೀನಿ. ನಿನ್ನ ಹೊಟ್ಟೆ ಅಡ್ಡ ಬರ್ತಿದೆ ಕಣೋ. ಮೊದ್ಲು ಅದನ್ನ ದಡಕ್ಕೆ ಸಾಗಿಸು."

"ನನ್ನ ಹೊಟ್ಟೆ ಸುದ್ದಿಗೆ ಬರ್ಬೇಡ. ನಿನ್ನ ಏಲಕ್ಕಿ ಬ್ರೆಡ್ ತಿಂದೇ ಬಂದಿರೋದು ಅದು."

ಕಟ್ಟೆ ಒಮ್ಮೆಲೇ ಸಡಿಲಾಗಿ ಸೆಲ್ಮರ್ ಮುಗ್ಗರಿಸಿದ. ಹಿಲ್ಮಾ ನಕ್ಕಳು. ನಕ್ಕ ಮೇಲೆ ಅವಳ ಕಣ್ಣು ಎಂದಿನಂತೆ ಅವನ ತಲೆಯ ಮೇಲಿಂದ ಹಾದು, ಸರೋವರದ ನಡುವಿನಲ್ಲಿ ನೀರಿನ ಬಣ್ಣ ಬದಲಾಗುವ ಕಡೆಗೆ ಹೋಯಿತು. ಅಲ್ಲಿ ನೀರಿನಡಿ ಒಂದು ಬಂಡೆಸಾಲಿದೆ. ಹಳಬರು ಅದನ್ನು ಪಾದ್ರಿಬಂಡೆ ಎನ್ನುತ್ತಾರೆ. ಅವಳ ಗಂಡ ಆರ್ವೋ ನಾಲ್ಕು ವರ್ಷದ ಹಿಂದೆ ಹೋದದ್ದು ಅಲ್ಲಿ.

ಅಂದಿನಿಂದ ಪ್ರತಿ ವರ್ಷವೂ ಕಟ್ಟೆ ಎಳೆಯುವ ಕಾಲಕ್ಕೆ ಸೆಲ್ಮರ್ ಕರೆಯದೆಯೇ ಬರುತ್ತಿದ್ದ. ಮೂವರೂ ಒಂದೇ ಶಾಲೆಯ ಬಸ್ಸಿನಲ್ಲಿ ಬೆಳೆದವರು. ಗಂಡಸರಿಬ್ಬರೂ ಊರಿಗೆ ಬರುವವರನ್ನು ದೋಣಿಯಲ್ಲಿ ಕರೆದೊಯ್ದು ಮೀನು ಹಿಡಿಸುವ ಕೆಲಸದಲ್ಲೇ ತಲೆ ನೆರೆಸಿದ್ದರು. ಕಟ್ಟೆಯ ಕೆಲಸ ವರ್ಷಕ್ಕೊಮ್ಮೆಯದು. ಆದರೆ ಶನಿವಾರ ಶನಿವಾರ ಸೆಲ್ಮರ್ ಇನ್ನೊಂದು ಕೆಲಸಕ್ಕೆ ಬರುತ್ತಿದ್ದ. ಹಳೆಯ ಪತ್ರಿಕೆಯಲ್ಲಿ ಸುತ್ತಿದ ವಾಲೈ ಮೀನು. ಚರ್ಮ ಸುಲಿದು, ಮುಳ್ಳು ಬಿಡಿಸಿ, ಹೆಂಗಸರ ಕೈಯಲ್ಲೂ ಆಗದಷ್ಟು ಚೊಕ್ಕಟವಾಗಿ ಕೊಯ್ದ ಬಿಳಿ ತುಂಡುಗಳು. ಅವನು ಅದನ್ನು ಮೆಟ್ಟಿಲ ಮೇಲಿಟ್ಟು, "ಬಿಸಿಬಿಸಿ ಹುರ್ಕೊಂಡು ತಿನ್ನು," ಎಂದು ಹೇಳಿ ಹೋಗುವನು. ಅವನ ಗಾಡಿಯ ಸದ್ದು ತಿರುವು ದಾಟಿದ ಮೇಲೆ ಹಿಲ್ಮಾ ಪೊಟ್ಟಣ ತೆಗೆದುಕೊಂಡು ಹಬೆಸ್ನಾನದ ಸೌನಾ ಮನೆಯ ಹಿಂದಕ್ಕೆ ಹೋಗಿ, ರುಬಾರ್ಬ್ ಗಿಡಗಳ ಪಾತಿಯಲ್ಲಿ ಗುದ್ದಲಿಯಿಂದ ಗುಂಡಿ ತೋಡಿ ಹೂತುಬಿಡುವಳು.

ಅದು ಅವಳ ತಾಯಿಯ ಕಾಲದ ನೇಮ. ನೀರು ತೆಗೆದುಕೊಂಡವರನ್ನು ನೀರು ಹಿಂದಕ್ಕೆ ಕೊಡುವವರೆಗೆ ಆ ಮನೆಯವರು ಆ ನೀರಿನ ಮೀನು ತಿನ್ನಬಾರದು. ಕೆಟಲ್ ಸರೋವರ ಆಳ, ತಣ್ಣನೆಯ ಸರೋವರ. ಅದು ಆರ್ವೋನನ್ನು ಕೊಟ್ಟಿರಲಿಲ್ಲ.

ದೋಣಿಯನ್ನು ಮಾತ್ರ ಕೊಟ್ಟಿತ್ತು. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ಶನಿವಾರ ಅದು. ಊರಿನ ಗಂಡಸರೆಲ್ಲ ಬಂದೂಕು ಹಿಡಿದು ಕಾಡು ಸೇರಿರುತ್ತಾರೆ, ನೀರಿನ ಮೇಲೆ ನರಪಿಳ್ಳೆ ಇರುವುದಿಲ್ಲ. ಮಾರನೆಯ ದಿನ ಮೂಡಣ ದಡದ ಜೊಂಡಿನಲ್ಲಿ ದೋಣಿ ಬಾಯ್ತುಂಬ ನೀರು ಕುಡಿದು ನಿಂತಿತ್ತು. ಮೋಟರಿನ ಗೇರು ಹಿಮ್ಮುಖಕ್ಕೇ ಇತ್ತು. ಅದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಈ ಕಡೆಯವರು ಗಾಳಿಯಿದ್ದಾಗ ವಾಲೈ ಹಿಡಿಯುವುದೇ ಹಾಗೆ: ದೋಣಿಯ ಬೆನ್ನನ್ನು ಅಲೆಗೆ ಕೊಟ್ಟು, ಮೋಟರನ್ನು ಹಿಂದಕ್ಕೆ ಓಡಿಸುತ್ತ, ಬಂಡೆಯ ಅಂಚನ್ನು ಕುರುಡನ ಕೋಲಿನ ಹಾಗೆ ತಡವುತ್ತ ನಿಧಾನವಾಗಿ ಹಿಂದುಹಿಂದಕ್ಕೆ ಸರಿಯುವುದು. ಅಲೆ ಒಳಗೆ ಬಾರದಂತೆ ಮೋಟರಿನ ಎರಡು ಪಕ್ಕಕ್ಕೂ ಮೊಣಕಾಲೆತ್ತರದ ರಬ್ಬರ್ ಹಲಗೆ ಕೂರಿಸಿರುತ್ತಾರೆ. ಅಲೆಹಲಗೆ. ಅದಿಲ್ಲದೆ ಬೆನ್ನುಗೊಟ್ಟು ನಿಂತರೆ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

ಆರ್ವೋನ ದೋಣಿಗೆ ಅಲೆಹಲಗೆ ಇರಲಿಲ್ಲ. ದೋಣಿಮನೆಯಲ್ಲಿ ಅವನ್ನು ತೂಗುಹಾಕುವ ಎರಡು ಮೊಳೆಯೂ ಬರಿದಾಗಿದ್ದವು. ತನಿಖೆಗೆ ಬಂದ ಷೆರಿಫನ ಕಡೆಯ ಡೆಪ್ಯುಟಿ ಅವಳ ಅಡುಗೆಮನೆಯಲ್ಲಿ ನಿಂತು, "ಹಲಗೆ ಎಲ್ಲಿ ಹೋಯ್ತು?" ಎಂದು ಕೇಳಿದಾಗ ಹಿಲ್ಮಾ ತಾನೇ ಹೇಳಿದ್ದಳು: "ಅವನೇ ಬಿಚ್ಚಿರ್ಬೇಕು." ಹೇಳಿದ ಮೇಲೆ ಆ ಮಾತಿನ ಅರ್ಥ ಅವಳಿಗೇ ಕೇಳಿಸಿತ್ತು. ಅಡುಗೆಮನೆಯಲ್ಲಿದ್ದವರೆಲ್ಲ ನೆಲ ನೋಡಿದ್ದರು.

ಆ ಶರತ್ಕಾಲ ಆರ್ವೋ ಮಾತು ಬಿಟ್ಟಿದ್ದ. ಬಲಗೈ ನಡುಗುವ ರೋಗ ಎಂದು ವೈದ್ಯರು ಹೇಳಿದ್ದರು. ಇನ್ನು ಬರಬರುತ್ತ ಹೆಚ್ಚುತ್ತದೆ ಎಂದಿದ್ದರು. ಗಾಳದ ದಾರಕ್ಕೆ ಗಂಟು ಹಾಕಲು ಹೋಗಿ ಆಗದೆ, ಅವಳು ನೋಡುತ್ತಿಲ್ಲವೆಂದುಕೊಂಡು ಹಲ್ಲಿನಿಂದ ಎಳೆಯುತ್ತಿದ್ದುದನ್ನು ಅವಳು ಕಂಡಿದ್ದಳು. ಪ್ರತಿ ಶನಿವಾರ ದೋಣಿ ಹತ್ತುವ ಮುಂಚೆ, "ಸೌನಾಕ್ಕೆ ಬೆಂಕಿ ಹಾಕಿರು," ಎಂದು ಕೂಗುತ್ತಿದ್ದವನು ಆ ಶನಿವಾರ ಕೂಗಲಿಲ್ಲ. ನಾಲ್ಕು ವರ್ಷ ಅವಳು ಆ ಕೂಗದೆ ಹೋದ ಮಾತಿನ ಜೊತೆಗೇ ಮಲಗಿ ಎದ್ದಿದ್ದಳು. ಹಲಗೆಗಳನ್ನು ಅವನು ತನ್ನ ನಡುಗುವ ಕೈಯಿಂದಲೇ ಬಿಚ್ಚಿ ನೀರಿಗೆ ಬಿಟ್ಟನೇ? ಬಿಡುವ ಮುಂಚೆ ಮನೆಯ ಕಡೆ ನೋಡಿದನೇ?

ಕಟ್ಟೆಯ ತುಂಡನ್ನು ದಡದ ಹುಲ್ಲಿಗೆ ಎಳೆದು ಹಾಕಿ, ಸೆಲ್ಮರ್ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾಗ ಹಿಲ್ಮಾ ಕೇಳಿದಳು.

"ಜಿಂಕೆ ಶನಿವಾರ ನೀನೇನು ಮಾಡ್ತೀಯ?"

"ಏನೂ ಇಲ್ಲ. ಬೇಟೆ ಬಿಟ್ಟೆನಲ್ಲ. ಮೊಣಕಾಲು ಮರ ಹತ್ತಲ್ಲ."

"ಹಾಗಾದ್ರೆ ನನ್ನ ಕರ್ಕೊಂಡು ಹೋಗು. ಮಸ್ಕಿ ಮೀನಿಗೆ ಗಾಳ ಎಸೀಬೇಕು."

ಸೆಲ್ಮರ್ ಲೋಟ ಕೆಳಗಿಟ್ಟ. ನಾಲ್ಕು ವರ್ಷದಲ್ಲಿ ಅವಳು ದೋಣಿ ಹತ್ತಿರಲಿಲ್ಲ. ಒಂದು ಕಾಲದಲ್ಲಿ ಮಸ್ಕಿ ಹಿಡಿಯುವುದರಲ್ಲಿ ಅವಳು ಇಬ್ಬರು ಗಂಡಸರನ್ನೂ ನಾಚಿಸಿದವಳು. ದಿನವೆಲ್ಲ ಗಾಳ ಕಟ್ಟಿದ ಮರದ ಮೀನು ಎಸೆದು ಎಳೆದರೂ ಒಮ್ಮೆಯೂ ಮುಖ ತೋರಿಸದ ಮೀನಿಗೆ ಬೇಕಾದ ತಾಳ್ಮೆ ಅವಳಿಗಿತ್ತು.

"ಗಾಳಿ ಇರುತ್ತೆ," ಎಂದ.

"ಇರ್ಲಿ."

"ಚಳಿ."

"ನೀನು ನಾರ್ವೆ ವಂಶದವನು. ನಿಂಗೆ ಚಳಿ. ನಂಗಲ್ಲ. ಪಾದ್ರಿಬಂಡೆಗೆ ಹೋಗ್ಬೇಕು ಸೆಲ್ಮರ್. ಐಸ್ ಕಟ್ಟೋಕೆ ಮುಂಚೆ ಒಂದು ಸಲ ನೋಡ್ಬೇಕು. ಇನ್ನೊಂದು ಚಳಿಗಾಲ ಹೀಗೇ ಕಳಿಯೋಕೆ ನನ್ನ ಕೈಲಾಗಲ್ಲ."

ಅವನು ಉಳಿದ ಕಾಫಿಯನ್ನು ಹುಲ್ಲಿಗೆ ಚೆಲ್ಲಿದ. ಆಮೇಲೆ, "ಆವತ್ತು ಬೆಳಗ್ಗೆ ಬರ್ತೀನಿ," ಎಂದ. ಆ ದಿನ ಮೀನಿನ ಪೊಟ್ಟಣ ಗಾಡಿಯಲ್ಲೇ ಉಳಿದು ಹೋಯಿತು.

ಜಿಂಕೆ ಶನಿವಾರ ಬೆಳಕು ಹರಿಯುವಾಗಲೇ ಕಾಡಿನಲ್ಲಿ ಬಂದೂಕುಗಳು ಕೆಮ್ಮತೊಡಗಿದ್ದವು. ಒಂದು ಇಲ್ಲಿ, ಒಂದು ಅಲ್ಲಿ, ಆಮೇಲೆ ತುಂಬ ಹೊತ್ತು ಏನೂ ಇಲ್ಲ. ನೀರು ಕರಗಿದ ಸೀಸದ ಹಾಗೆ ಅಲುಗದೆ ಮಲಗಿತ್ತು. ಸೆಲ್ಮರ್ ದೋಣಿಯಲ್ಲಿ ಮೋಟರಿನ ಪಕ್ಕ ಕೂತು ಕಾಯುತ್ತಿದ್ದ. ಹಿಲ್ಮಾ ಆರ್ವೋನ ದಪ್ಪ ಉಣ್ಣೆಯ ಕೋಟು ತೊಟ್ಟು ಬಂದಳು.

"ಹಿಂದೆ ಏನು ಮುಚ್ಚಿಟ್ಟಿದ್ದೀ?" ದೋಣಿಯ ಹಿಂಬದಿಗೆ ಹಸಿರು ತಾಡಪಾಲು ಹೊದೆಸಿ ಹಗ್ಗ ಬಿಗಿದಿತ್ತು.

"ಪೆಟ್ರೋಲ್ ಕ್ಯಾನು. ಹಿಮ ಬೀಳುತ್ತೆ ಅಂದ್ರು."

ಅವಳು ಮುಂದಿನ ಹಲಗೆಯ ಮೇಲೆ ಕೂತಳು. ದೋಣಿ ಬಂಡೆಸಾಲಿನ ಮೇಲೆ ಬಂತು. ಮೋಟರ್ ನಿಲ್ಲಿಸಿದಾಗ ನಿಶ್ಶಬ್ದ ಕಿವಿಗೆ ಹೊಡೆದಂತೆ ಬಂತು. ಕೆಳಗೆ ಬಂಡೆಗಳು ಕಾಣುತ್ತಿದ್ದವು, ದೊಡ್ಡ ದೊಡ್ಡ ಬೋಳುತಲೆಗಳು; ಅವು ಮುಗಿದ ಕಡೆ ನೀರು ಒಮ್ಮೆಲೇ ಕಪ್ಪಾಗುತ್ತಿತ್ತು. ಹಿಲ್ಮಾ ಆ ಕಪ್ಪನ್ನು ನೋಡಿದಳು. ಇಷ್ಟೇ ಎನಿಸಿತು. ನಾಲ್ಕು ವರ್ಷ ಮನಸ್ಸಿನಲ್ಲಿ ಬೆಳೆಸಿಕೊಂಡಿದ್ದು ಇದಕ್ಕಿಂತ ದೊಡ್ಡದಿತ್ತು.

ಅವಳು ಎದ್ದು ನಿಂತು, ಗಾಳದ ಕೋಲು ಬೀಸಿ ಎಸೆದಳು. ಮರದ ಮೀನು ದೂರ ಹಾರಿ ಬಿತ್ತು. ರೀಲು ಸುತ್ತುತ್ತ ಅದನ್ನು ದೋಣಿಯವರೆಗೂ ಎಳೆದು ತಂದು, ಮೇಲೆತ್ತದೆ, ಬಾಗಿ, ಕೋಲಿನ ತುದಿಯನ್ನು ನೀರಿನೊಳಗಿಟ್ಟು, ದೊಡ್ಡದಾಗಿ 8 ಬರೆದಳು. ಎರಡು ಸುತ್ತು, ನಡುವೆ ಒಂದು ದಾಟು. ಮಸ್ಕಿ ದೋಣಿಯವರೆಗೂ ಬೆನ್ನು ಹತ್ತಿ ಬರುತ್ತದೆ. ಕೊನೆಯ ಮೊಳದಲ್ಲಿ ಬೇಟೆ ತಪ್ಪಿಸಿಕೊಳ್ಳುವ ಹಾಗೆ ತಿರುಗಿದರೆ ಮಾತ್ರ ಬಾಯಿ ಹಾಕುತ್ತದೆ. ದಣಿದವರು ಇದನ್ನು ಬಿಡುತ್ತಾರೆ. ಆರ್ವೋ ಬಿಡಲು ಕೊಡುತ್ತಿರಲಿಲ್ಲ. "ಕಂಡ್ರೂ ಬರಿ, ಕಾಣ್ದಿದ್ರೂ ಬರಿ," ಎನ್ನುತ್ತಿದ್ದ. "ಬಂದಿರೋದು ಕಾಣೋದು ನೂರಕ್ಕೆ ಒಂದು ಸಲ. ಮಿಕ್ಕಿದ್ದೆಲ್ಲ ಕಾಣದ್ದಕ್ಕೇ."

ಎಸೆದಳು, ಎಳೆದಳು, ಬರೆದಳು. ಕೋಲಿನ ಉಂಗುರಗಳಲ್ಲಿ ಮಂಜು ಕಟ್ಟಿ ದಾರ ಕಿರುಗುಡತೊಡಗಿತು; ಕೋಲನ್ನು ನೀರಿನಲ್ಲಿ ಅದ್ದಿ ಕರಗಿಸಿಕೊಂಡು ಮತ್ತೆ ಎಸೆದಳು. ಸೆಲ್ಮರ್ ಇನ್ನೊಂದು ಕಡೆಗೆ ಎಸೆಯುವ ಶಾಸ್ತ್ರ ಮಾಡುತ್ತಿದ್ದ. ಹೊತ್ತೇರಿದಂತೆ ವಾಯವ್ಯದ ಕಡೆ ಆಕಾಶದಲ್ಲಿ ಕಬ್ಬಿಣದ ಬಣ್ಣದ ಗೆರೆಯೊಂದು ಎದ್ದಿತು. ನೀರಿನ ಮೇಲೆ ಮೊದಲ ಗಾಳಿ ಬೆರಳಾಡಿಸಿ ಹೋಯಿತು.

ಆಗ ಅದು ಬಂತು. ಮರದ ಮೀನಿನ ಹಿಂದೆ ಒಂದು ಗೇಣು ದೂರದಲ್ಲಿ ನೆರಳೊಂದು ಇತ್ತು. ನೆರಳೆಂದುಕೊಂಡದ್ದು ಹತ್ತಿರವಾದಂತೆ ಹಸಿರು ಕಂಚಿನ ಬಣ್ಣಕ್ಕೆ ತಿರುಗಿತು. ಅವಳ ಸೊಂಟದೆತ್ತರಕ್ಕಿಂತ ಉದ್ದದ ಮೈ, ಚಪ್ಪಟೆ ಮೂತಿ, ರೆಕ್ಕೆಗಳು ಅಲುಗಿಯೂ ಅಲುಗದ ಹಾಗೆ. ಹಿಲ್ಮಾ ಉಸಿರು ಹಿಡಿದು ಕೋಲನ್ನು ನೀರಿಗಿಳಿಸಿ ಸುತ್ತು ತಿರುಗಿಸಿದಳು. ಮೀನೂ ತಿರುಗಿತು. ದಾಟಿಸಿದಳು. ದಾಟಿತು. ಬಾಯಿ ಹಾಕಲಿಲ್ಲ, ಬಿಟ್ಟೂ ಹೋಗಲಿಲ್ಲ. ಅದರ ಕಣ್ಣು ಮರದ ಮೀನನ್ನು ನೋಡುತ್ತಿರಲಿಲ್ಲ, ಮೇಲೆ ನೋಡುತ್ತಿತ್ತು. ಎರಡನೆಯ ಸುತ್ತನ್ನು ಅವಳು ಇನ್ನೂ ಅಗಲ ಮಾಡಿ ದೋಣಿಯ ಹಿಂಬದಿಯವರೆಗೂ ಎಳೆದಳು, ಮೀನು ಹಿಂಬಾಲಿಸಿತು, ಅವಳ ಕಣ್ಣು ಮೀನನ್ನು ಹಿಂಬಾಲಿಸಿತು.

ತಾಡಪಾಲು ಇರಲಿಲ್ಲ. ಯಾವಾಗಲೋ ಸೆಲ್ಮರ್ ಅದನ್ನು ತೆಗೆದು ಕಾಲಡಿ ಮಡಚಿಟ್ಟಿದ್ದ. ಮೋಟರಿನ ಎರಡು ಪಕ್ಕದಲ್ಲೂ ಕಪ್ಪು ರಬ್ಬರ್ ಹಲಗೆಗಳು ನಿಂತಿದ್ದವು. ಒಂದೊಂದರ ಮೂಲೆಯಲ್ಲೂ ಸಾಸಿವೆಯಷ್ಟಲ್ಲ, ಬಟಾಣಿಯಷ್ಟು ದೊಡ್ಡ ಕೆಂಪು ಬೊಟ್ಟು. ಅವಳ ಉಗುರುಬಣ್ಣದ ಬೊಟ್ಟು. ದಡದಲ್ಲಿ ಎಲ್ಲರ ಸಾಮಾನೂ ಕಲೆತುಹೋಗುತ್ತದೆಂದು ಆರ್ವೋನ ಪ್ರತಿಯೊಂದು ವಸ್ತುವಿಗೂ ಅವಳೇ ಇಟ್ಟ ಗುರುತು.

ಮೀನು ನಿಧಾನವಾಗಿ ಕೆಳಗಿಳಿಯಿತು. ಮೊದಲು ಬಾಲ ಕಪ್ಪಾಯಿತು, ಕೊನೆಗೆ ಮೂತಿ. ಹಿಲ್ಮಾ 8 ಬರೆಯುತ್ತಲೇ ಇದ್ದಳು.

"ಹೋಯ್ತು ಕಣೆ," ಎಂದ ಸೆಲ್ಮರ್.

"ಗೊತ್ತು."

ಇನ್ನೊಂದು ಸುತ್ತು ಬರೆದು ಕೋಲನ್ನು ದೋಣಿಯೊಳಗೆ ಇಟ್ಟಳು. ಕೈಗವಸಿನ ನೀರು ಹಿಂಡಿದಳು.

"ಯಾವಾಗ ತಗೊಂಡೆ?"

"ಆ ಬುಧವಾರ." ಅವನ ದನಿ ಯಾರದೋ ದನಿಯ ಹಾಗಿತ್ತು. "ನನ್ನವು ಹರಿದೋಗಿದ್ವು. ದಕ್ಷಿಣದಿಂದ ಇಬ್ರು ಗಿರಾಕಿ ಬಂದಿದ್ರು, ಗಾಳಿ ಇತ್ತು. ಆರ್ವೋನೇ ಬಿಚ್ಚಿಕೊಟ್ಟ. ಶನಿವಾರದೊಳಗೆ ತಂದು ಹಾಕ್ಬೇಕು ನೋಡು ಅಂದ. ಹಾಕ್ತೀನಿ ಅಂದೆ."

"ಶನಿವಾರ?"

"ಜಿಂಕೆ." ದೂರದ ಕಾಡಿನಲ್ಲಿ ಬಂದೂಕೊಂದು ಕೆಮ್ಮಿತು, ಅವನು ಅದು ಮುಗಿಯುವವರೆಗೆ ಕಾದ. "ಶುಕ್ರವಾರ ಸಾಯಂಕಾಲನೇ ಕಾಡಿಗೆ ಹೋಗ್ಬಿಟ್ಟೆ. ಹಲಗೆ ನನ್ನ ದೋಣೀಲೇ ಇತ್ತು. ನೆನಪೇ ಆಗ್ಲಿಲ್ಲ ಹಿಲ್ಮಾ. ಮರದ ಮೇಲೆ ಕೂತಿದ್ದೆ. ಮಧ್ಯಾಹ್ನ ಗಾಳಿ ತಿರುಗಿದ್ದು ಅಲ್ಲೇ ಗೊತ್ತಾಯ್ತು. ಅಯ್ಯೋ, ಜಿಂಕೆಗೆ ನನ್ನ ವಾಸನೆ ಹೋಗುತ್ತಲ್ಲ ಅಂತ ಬೇಜಾರಾಯ್ತು. ಅಷ್ಟೇ. ಅಷ್ಟಕ್ಕೇ ಬೇಜಾರು ಮಾಡ್ಕೊಂಡಿದ್ದು ನಾನು."

"ಡೆಪ್ಯುಟಿ ಕೇಳ್ದಾಗ ನೀನು ಅಲ್ಲೇ ಇದ್ದೆ. ನನ್ನ ಅಡುಗೆಮನೇಲಿ."

"ಇದ್ದೆ."

"ನನ್ನ ಕಾಫಿ ಲೋಟ ಹಿಡ್ಕೊಂಡು."

"ಹೂಂ."

"ಅವನೇ ಬಿಚ್ಚಿರ್ಬೇಕು ಅಂತ ನಾನು ಅಂದಾಗ್ಲೂ ಬಾಯಿ ಬಿಡ್ಲಿಲ್ಲ. ನಾಲ್ಕು ವರ್ಷ ನಾನು ಏನು ತಲೇಲಿ ಇಟ್ಕೊಂಡು ಮಲಗ್ತಿದ್ದೆ ಗೊತ್ತಾ ನಿಂಗೆ?"

"ಗೊತ್ತು. ಇವತ್ತು ಹೇಳ್ತೀನಿ, ಇವತ್ತು ಹೇಳ್ತೀನಿ ಅಂತ್ಲೇ ಬರ್ತಿದ್ದೆ. ನಿನ್ನ ಮುಖ ನೋಡಿ ಮೀನು ಕೊಟ್ಟು ಹೋಗ್ತಿದ್ದೆ."

"ನಿನ್ನ ಮೀನು ನಾನು ತಿಂದಿಲ್ಲ. ಒಂದು ತುಂಡೂ ತಿಂದಿಲ್ಲ."

"ಅದೂ ಗೊತ್ತು. ನಿನ್ನ ರುಬಾರ್ಬ್ ನೋಡಿದ್ರೆ ಕುರುಡನಿಗೂ ಗೊತ್ತಾಗುತ್ತೆ. ಆನೆ ಕಿವಿ ಹಂಗೆ ಬೆಳ್ದಿದೆ."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಗಾಳಿ ಈಗ ನಿಂತು ನಿಂತು ಬರುವುದನ್ನು ಬಿಟ್ಟು ಒಂದೇ ಸಮ ಬೀಸತೊಡಗಿತ್ತು. ಅಲೆಗಳು ಸಾಲುಗಟ್ಟಿದವು. ದೋಣಿ ಬಂಡೆಸಾಲಿನ ಮೇಲಿಂದ ಕಪ್ಪು ನೀರಿನ ಕಡೆಗೆ ಜಾರುತ್ತಿತ್ತು. ಸೆಲ್ಮರ್ ಮೋಟರಿನ ದಾರಕ್ಕೆ ಕೈ ಹಾಕಿದ.

"ದಡಕ್ಕೆ ಹೋಗೋಣ. ಅಲ್ಲಿ ಏನು ಬೈತೀಯೋ ಬೈಯಿ."

"ಹಲಗೆ ಇಲ್ಲ ಅಂತ ಅವನಿಗೆ ಗೊತ್ತಿತ್ತಲ್ಲ," ಎಂದಳು ಹಿಲ್ಮಾ, ಅವನಿಗಲ್ಲ, ನೀರಿಗೆ. "ಗೊತ್ತಿದ್ದೂ ಯಾಕೆ ಬಂದ?"

"ಆವತ್ತು ಬೆಳಗ್ಗೆ ಗಾಳಿನೇ ಇರ್ಲಿಲ್ಲ. ಇವತ್ತಿನ ಹಂಗೇ."

"ತಿರುಗಿತಲ್ಲ ಗಾಳಿ. ಆಗ ಯಾಕೆ ದೋಣಿ ಮೂತಿ ತಿರುಗಿಸಿ ಮನೆಗೆ ಬರ್ಲಿಲ್ಲ?"

"ವಾಲೈ ಕಚ್ತಾ ಇದ್ರೆ ಯಾರು ತಿರುಗಿಸ್ತಾರೆ? ನಾನು ತಿರುಗಿಸ್ತಿದ್ನಾ? ನೀನು ತಿರುಗಿಸ್ತಿದ್ಯಾ? ಇನ್ನೊಂದೇ ಒಂದು ಸಲ ಅಂಚಿನ ಮೇಲೆ ಹೋಗಿ ಬರೋಣ ಅಂತ್ಲೇ ಅಲ್ವಾ ಎಲ್ರೂ ಅನ್ನೋದು."

ಅವಳು ಅವನ ಮುಖ ನೋಡಿದಳು. ತನಗಾಗಿ ಕಟ್ಟಿದ ಸಮಾಧಾನವೋ, ನಿಜವೋ ಎಂದು ತಿಳಿಯುವ ದಾರಿ ಆ ಮುಖದಲ್ಲಿರಲಿಲ್ಲ.

"ಹಿಂದಕ್ಕೆ ನಡ್ಸು," ಎಂದಳು.

"ಏನು?"

"ವಾಲೈಗೆ ನಡ್ಸೋ ಹಂಗೆ. ಬೆನ್ನು ಕೊಟ್ಟು, ಅಂಚಿನ ಮೇಲೆ. ಅವನು ನಡ್ಸಿದ ಹಂಗೆ."

ಸೆಲ್ಮರ್ ಮೋಟರ್ ಹಚ್ಚಿ ಗೇರು ಹಿಂದಕ್ಕೆ ಹಾಕಿದ. ದೋಣಿ ಬೆನ್ನು ತಿರುಗಿಸಿ ಅಲೆಗಳನ್ನು ಎದುರಿಸಿತು. ಒಂದೊಂದು ಅಲೆಯೂ ಬಂದು ಹಲಗೆಗಳಿಗೆ ಹೊಡೆದು, ಎದ್ದು, ಎರಡು ಕಡೆಗೂ ಚೆಲ್ಲಿ ಹೋಗುತ್ತಿತ್ತು. ಚಪ್ಪಾಳೆಯಂತಹ ಸದ್ದು. ಒಳಗೆ ತುಂತುರು ಬಿಟ್ಟು ಬೇರೇನೂ ಬರಲಿಲ್ಲ. ಹಿಲ್ಮಾ ಮುಂದಿನಿಂದ ಎದ್ದು ನಡುವಿನ ಹಲಗೆ ಹಿಡಿದುಕೊಂಡು ಅವನ ಹತ್ತಿರಕ್ಕೆ ಬಂದು ಕೂತಳು.

"ಬಿಚ್ಚು."

"ತಲೆ ಕೆಟ್ಟಿದ್ಯಾ ನಿಂಗೆ?"

"ಬಿಚ್ಚು ಸೆಲ್ಮರ್. ಅವನಿಗೆ ಎಷ್ಟು ಹೊತ್ತು ಸಿಕ್ಕಿತ್ತು ಅಂತ ನಂಗೆ ನೋಡ್ಬೇಕು. ಯೋಚನೆ ಮಾಡೋಷ್ಟು ಹೊತ್ತು ಇತ್ತಾ ಅಂತ. ನೀನು ಬಿಚ್ತೀಯೋ, ನಾನೇ ಬಿಚ್ಲೋ?"

ಅವಳ ಕೈ ಆಗಲೇ ಎಡಗಡೆಯ ಹಲಗೆಯ ಮೇಲಿತ್ತು. ಚಿಟ್ಟೆಯ ಆಕಾರದ ನಟ್ಟುಗಳು. ಬರಿಗೈಯಲ್ಲಿ ತಿರುಗಿಸಿದರೆ ಬರುವಂಥವು. ಸೆಲ್ಮರ್ ಸೀಟಿನಡಿಯಿಂದ, ಮುಳುಗದಂತೆ ತೊಡುವ ತೇಲಂಗಿಯೊಂದನ್ನು ಎಳೆದು ಅವಳ ಮೇಲೆ ಎಸೆದ. "ಮೊದ್ಲು ಇದನ್ನ ಹಾಕ್ಕೋ. ನಿನ್ನನ್ನೂ ಹುಡುಕೋಕೆ ನನ್ನ ಕೈಲಾಗಲ್ಲ." ಅವಳು ಹಾಕಿಕೊಂಡಳು. ಅವನೂ ಹಾಕಿಕೊಂಡ. ಆಮೇಲೆ ತನ್ನ ಪಕ್ಕದ ಹಲಗೆಯ ನಟ್ಟು ತಿರುಗಿಸಿದ. ಅವಳ ಪಕ್ಕದ್ದನ್ನು ಅವಳು ತಿರುಗಿಸಿದಳು. ಹಲಗೆಗಳನ್ನು ಎತ್ತಿ ಅವಳು ಮಡಿಲಿಗೆ ಹಾಕಿಕೊಂಡಳು.

ಮೊದಲ ಅಲೆ ಮೋಟರಿಗೆ ಹೊಡೆದು ಹಿಂದಕ್ಕೆ ಬಿತ್ತು. ಅವಳು ಏನೋ ಹೇಳಲು ಬಾಯಿ ತೆರೆದಳು. ಎರಡನೆಯದು ಸದ್ದೇ ಇಲ್ಲದೆ, ಹಸಿರು ಗಾಜಿನ ಹಾಳೆಯ ಹಾಗೆ, ಹಿಂಬದಿಯ ಅಂಚನ್ನು ದಾಟಿ ಒಳಗೆ ಬಂದು ಕೂತಿತು. ಕಾಲು ಮೊಣಕಾಲವರೆಗೆ ಸುಟ್ಟಂತಾಯಿತು. ನೀರಿನ ಭಾರಕ್ಕೆ ದೋಣಿಯ ಬೆನ್ನು ತಗ್ಗಿತು, ತಗ್ಗಿದ್ದಕ್ಕೆ ಮೂರನೆಯದು ಕಾಯಲೂ ಇಲ್ಲ. ಅದು ಅವಳ ಎದೆಗೆ ಹೊಡೆಯಿತು. ಉಸಿರು ಎಲ್ಲಿ ಹೋಯಿತೋ ತಿಳಿಯಲಿಲ್ಲ. ದಡವಿರಲಿಲ್ಲ, ಮನೆಯಿರಲಿಲ್ಲ, ನಾಲ್ಕು ವರ್ಷವಿರಲಿಲ್ಲ. ಹಲಗೆಗಳನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು, ಅಷ್ಟೇ.

"ಸಾಕು!" ಎಂದು ಕೂಗಿದಳೋ, ಕೂಗಿದವನು ಸೆಲ್ಮರನೋ. ಅವನು ಆಗಲೇ ಗೇರು ಮುಂದಕ್ಕೆ ಹಾಕಿ ಮೋಟರನ್ನು ಪೂರ್ತಿ ತಿರುಗಿಸಿದ್ದ. ದೋಣಿ ಕುಡುಕನ ಹಾಗೆ ವಾಲಿ, ಇನ್ನೊಂದು ಅಲೆಯನ್ನು ಪಕ್ಕಕ್ಕೆ ತಿಂದು, ಮೂತಿ ಎತ್ತಿತು. ಕಾಫಿ ಡಬ್ಬಿಯಿಂದ ಅವಳು ನೀರು ಗೋರಿ ಚೆಲ್ಲಿದಳು. ಗೋರುತ್ತಲೇ ಇದ್ದಳು. ಪಾದ್ರಿಬಂಡೆ ಹಿಂದೆ ಉಳಿದು, ನಡುಗಡ್ಡೆಯ ಮರೆಗೆ ಬಂದು, ಗಾಳಿ ತಗ್ಗಿದ ಮೇಲೂ ಗೋರುತ್ತಿದ್ದಳು.

"ಖಾಲಿ ಆಯ್ತು ಹಿಲ್ಮಾ," ಎಂದ ಅವನು. ಅವನ ಗಡ್ಡದಲ್ಲಿ ನೀರು ಹರಳುಗಟ್ಟಿತ್ತು. ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿದ್ದವು.

ಅವಳು ಡಬ್ಬಿ ಕೆಳಗಿಟ್ಟಳು. "ಹೊತ್ತೇ ಇರ್ಲಿಲ್ಲ," ಎಂದಳು.

"ಇರಲ್ಲ."

"ಆವತ್ತು ಬೆಳಗ್ಗೆ ಅವನು ಬಂದು ದೋಣಿ ನೋಡಿದಾಗ, ಹಲಗೆ ಇಲ್ದಿದ್ದು ನೋಡಿದಾಗ, ಏನಂದಿರ್ತಾನೆ?"

ಸೆಲ್ಮರ್ ತಲೆ ಎತ್ತಲಿಲ್ಲ. "ಏನಂತಾನೆ. ಬೈದಿರ್ತಾನೆ."

"ಏನಂತ? ಅವನು ಬೈಯೋ ಹಂಗೇ ಹೇಳು."

"ಬೇಡ ಬಿಡು."

"ಹೇಳು ಅಂದೆ."

ಅವನು ಗಂಟಲು ಸರಿಮಾಡಿಕೊಂಡ. "'ಆ ನಾರ್ವೆ ಕೋಣ! ಅವನ ಕೈಗೆ ಕೊಟ್ಟಿದ್ದು, ಹಳ್ಳಕ್ಕೆ ಎಸೆದಿದ್ದು, ಎರಡೂ ಒಂದೇ. ಬರ್ಲಿ ಜಿಂಕೆ ಹೊತ್ಕೊಂಡು. ಅದರ ಕೊಂಬು ತಗೊಂಡು ಅವನ...'" ಅಲ್ಲಿಗೆ ನಿಂತ. ದನಿ ಆರ್ವೋನದೇ ಆಗಿತ್ತು. ಹೇಳಿದವನಿಗೂ ಕೇಳಿದವಳಿಗೂ ಮೈ ಜುಮ್ಮೆಂದಿತು.

ಹಿಲ್ಮಾಳ ಗಂಟಲಿನಿಂದ ಒಂದು ಸದ್ದು ಬಂತು. ನಗುವೆಂದು ಶುರುವಾಗಿ ನಡುವೆ ದಾರಿ ತಪ್ಪಿದ ಸದ್ದು.

"ಬೈಕೊಂಡೇ ಹೋಗಿರ್ತಾನೆ," ಎಂದಳು.

"ಬೈಕೊಂಡೇ ಹೋಗಿರ್ತಾನೆ."

"ಹಾಗಾದ್ರೆ ವಾಪಸ್ ಬರೋಕೇ ಹೋಗಿದ್ದ. ನಿನ್ನ ಮುಖಕ್ಕೆ ಅದನ್ನೆಲ್ಲ ಹೇಳ್ದೆ ಸಾಯೋ ಜಾತಿ ಅಲ್ಲ ಅವನದು."

ಸೆಲ್ಮರ್ ಮುಖವನ್ನು ತೋಳಿನಲ್ಲಿ ಒರೆಸಿಕೊಂಡ. ನೀರೋ, ಇನ್ನೇನೋ. ದೋಣಿಯನ್ನು ದಡದ ಕಡೆಗೆ ತಿರುಗಿಸಿದ.

ದಡದಲ್ಲಿ ಕಟ್ಟೆ ಇರಲಿಲ್ಲ. ಅದನ್ನು ಅವರೇ ಎಳೆದುಹಾಕಿದ್ದರು. ಹಿಲ್ಮಾ ತೇಲಂಗಿ ಬಿಚ್ಚಿ ದೋಣಿಯಲ್ಲಿಟ್ಟು, ಮಂಡಿಯುದ್ದ ನೀರಿಗಿಳಿದು ನಡೆದು ಬಂದಳು. ಹಲಗೆಗಳು ಕಂಕುಳಲ್ಲಿದ್ದವು. ಸೆಲ್ಮರ್ ದೋಣಿಯಿಂದಲೇ ಕೇಳಿದ.

"ಮೊಳೆಗೆ ನಾನು ಹಾಕ್ಕೊಡ್ಲಾ?"

"ಬೇಡ."

"ಮುಂದಿನ ಶನಿವಾರ..."

"ಮೀನು ತರ್ಬೇಡ ಸೆಲ್ಮರ್."

ಅವನು ತಲೆಯಾಡಿಸಿದ. ಮೋಟರಿನ ದಾರ ಹಿಡಿದ, ಎಳೆಯಲಿಲ್ಲ.

"ಬರ್ಲಾ? ಬರಿಗೈಲಿ?"

ಅವಳು ಆಗಲೇ ಬೆನ್ನು ತಿರುಗಿಸಿ ದಿಬ್ಬ ಏರುತ್ತಿದ್ದಳು. ಕೇಳಿಸಿತೋ ಇಲ್ಲವೋ.

ದೋಣಿಮನೆಯಲ್ಲಿ ಮೊಳೆಗಳು ತುಕ್ಕು ಹಿಡಿದಿದ್ದವು. ಎರಡೂ ಹಲಗೆಗಳನ್ನು ಅವುಗಳ ಜಾಗಕ್ಕೆ ತೂಗುಹಾಕಿ, ಕೆಂಪು ಬೊಟ್ಟಿನ ಮೇಲೆ ಒಮ್ಮೆ ಹೆಬ್ಬೆರಳಿಟ್ಟು ಒತ್ತಿದಳು. ಹೊರಗೆ ಬಂದು ಸೌನಾಕ್ಕೆ ಬೆಂಕಿ ಹಾಕಿದಳು. ಹಗಲಿನ್ನೂ ಇತ್ತು. ಯಾರೂ ಹಾಕೆಂದು ಕೂಗಿರಲಿಲ್ಲ.

ಆ ವಾರವೆಲ್ಲ ಗಾಳಿಯಿತ್ತು. ಆಮೇಲೊಂದು ದಿನ ನಿಂತಿತು. ಶನಿವಾರ ಹಿಲ್ಮಾ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಏನೂ ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೂ ಅವಳು ಅಲ್ಲಿ ನೋಡಿದ್ದಳು. ಸರೋವರದ ಅಂಚು ಹೆಪ್ಪುಗಟ್ಟಿತ್ತು. ಉದುರಿದ ಹಳದಿ ಸೂಜಿಯೆಲೆಗಳು ಗಾಜಿನೊಳಗೆ ಇಟ್ಟ ಹಾಗೆ ಕಾಣುತ್ತಿದ್ದವು. ನಡುವೆ ಪಾದ್ರಿಬಂಡೆಯ ಕಡೆ ಮಾತ್ರ ನೀರು ಇನ್ನೂ ಕಪ್ಪಾಗಿ ತೆರೆದುಕೊಂಡು ಹೊಗೆಯಾಡುತ್ತಿತ್ತು.

ಅವಳು ಆರ್ವೋನ ಕೋಟು ತೊಟ್ಟು, ಅವನ ಉದ್ದನೆಯ ಕೋಲು ತೆಗೆದುಕೊಂಡು ಇಳಿದು ಬಂದಳು. ದಾರವಿರಲಿಲ್ಲ, ಮರದ ಮೀನಿರಲಿಲ್ಲ. ಕಟ್ಟೆಯಿದ್ದ ಜಾಗದಲ್ಲಿ, ಅದರ ಕಾಲುಗಳನ್ನು ಕಿತ್ತ ಕಡೆ, ಅಡಿಯಿಂದ ನೀರಿನ ಊಟೆಯೊಂದು ಮೇಲೇಳುವಲ್ಲಿ ಚಾಪೆಯಗಲದ ನೀರು ಇನ್ನೂ ಕಟ್ಟಿರಲಿಲ್ಲ. ದಡದ ಕಲ್ಲಿನ ಮೇಲೆ ನಿಂತು, ಬಾಗಿ, ಕೋಲಿನ ತುದಿಯನ್ನು ಅಲ್ಲಿ ಇಳಿಸಿದಳು. ಒಂದು ಸುತ್ತು, ನಡುವೆ ದಾಟು, ಇನ್ನೊಂದು ಸುತ್ತು. ಕೆಳಗೆ ಏನೂ ಕಾಣಲಿಲ್ಲ; ಕಾಣ್ದಿದ್ರೂ ಬರಿ, ಎನ್ನುತ್ತಿದ್ದ ಆರ್ವೋ. ರಸ್ತೆಯ ತಿರುವಿನಲ್ಲಿ ಗಾಡಿಯೊಂದು ನಿಧಾನ ಮಾಡಿದ ಸದ್ದು ಕೇಳಿಸಿತು. ಹಿಲ್ಮಾ ತಲೆ ಎತ್ತಲಿಲ್ಲ. ಕೋಲಿನ ತುದಿಗೆ ಕಟ್ಟಿಕೊಳ್ಳುತ್ತಿದ್ದ ತೆಳು ಮಂಜನ್ನು ನೀರಿನಲ್ಲಿ ಅದ್ದಿ ಕರಗಿಸಿ, ಮತ್ತೆ ಬರೆದಳು.